ಐದು ಹೆಕ್ಟೇರಿನ ಬೇಲಿ

ಮೂಡಿಗೆರೆ ಕಡೆ ತೋಟದ ಮಾತು ಬಂದರೆ ಮೊದಲ ಪ್ರಶ್ನೆ, 'ಎಷ್ಟು ಎಕರೆ?' ಹೆಣ್ಣು ಕೊಡುವವರೂ ಕೇಳುತ್ತಾರೆ, ಸಾಲ ಕೊಡುವ ಬ್ಯಾಂಕಿನವರೂ ಕೇಳುತ್ತಾರೆ. ಆ ತೋಟದಲ್ಲಿ ಹಣ್ಣು ಕುಯ್ಯುವ ಆಳಿನ ಮುಪ್ಪು ಹೇಗೆ ಕಳೆಯಬೇಕು ಎಂಬುದನ್ನೂ ಎಪ್ಪತ್ತು ವರ್ಷಗಳಿಂದ ಬಹುಮಟ್ಟಿಗೆ ಇದೇ ಪ್ರಶ್ನೆ ತೀರ್ಮಾನಿಸುತ್ತ ಬಂದಿದೆ.

ಮೊದಲು ಕಾನೂನೇ ಇರಲಿಲ್ಲ, ಮೇಸ್ತ್ರಿ ಇದ್ದ. ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಮುಂಗಡ ಕೊಟ್ಟು ಆಳು ಕರೆತರುತ್ತಿದ್ದವನು ಅವನು. ಮೈಯಲ್ಲಿ ಕಸುವಿರುವ ತನಕ ಲೈನ್ ಮನೆ, ವಾರದ ಬಟವಾಡೆ. ಕಸುವು ಮುಗಿದರೆ ಊರಿನ ದಾರಿ. ಊರಲ್ಲಿ ಏನಿದೆ ಎಂದು ಕೇಳುವುದು ತೋಟದ ಕೆಲಸವಾಗಿರಲಿಲ್ಲ.

ಡಿ.ವಿ. ರೇಗೆ ದೇಶದ ತೋಟ ಕಾರ್ಮಿಕರ ಸ್ಥಿತಿಗತಿಯ ವರದಿ ಕೊಟ್ಟದ್ದು 1946ರಲ್ಲಿ. ಅದರ ಬೆನ್ನಿಗೇ 1951ರ ತೋಟ ಕಾರ್ಮಿಕರ ಕಾಯ್ದೆ ಬಂತು, 1954ರಲ್ಲಿ ಜಾರಿಯಾಯಿತು. ಮನೆ, ಕುಡಿಯುವ ನೀರು, ಆಸ್ಪತ್ರೆ, ಕೂಸುಗಳನ್ನು ನೋಡಿಕೊಳ್ಳುವ ಶಿಶುಗೃಹ, ಮಕ್ಕಳಿಗೆ ಪಾಠ ಇವೆಲ್ಲ ಮಾಲೀಕರ ಹೊಣೆ ಎಂದಿತು. ಓದಿದರೆ ಈಗಲೂ ಒಳ್ಳೆಯ ಕಾನೂನು ಅನ್ನಿಸುತ್ತದೆ. ಆದರೆ ಬಾಗಿಲಲ್ಲೇ ಒಂದು ಬೇಲಿಯಿತ್ತು: ತೋಟ 25 ಎಕರೆಗೆ ಕಡಿಮೆಯಿರಬಾರದು, ಆಳು 30ಕ್ಕೆ ಕಡಿಮೆಯಿರಬಾರದು. ಅಸ್ಸಾಮಿನ ಚಹಾ ತೋಟಕ್ಕೆ ಅದು ಲೆಕ್ಕಕ್ಕೇ ಬಾರದ ಬೇಲಿ. ನಮ್ಮ ಕಾಫಿ ಸೀಮೆಯ ಕತೆ ಬೇರೆ. ಇಲ್ಲಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಜೊತೆಗೆ ಅಣ್ಣತಮ್ಮಂದಿರ ಹಿಸ್ಸೆ. ಗುಡ್ಡ ಅದೇ, ಗಿಡ ಅದೇ, ಕಾಗದದಲ್ಲಿ ಮಾತ್ರ ತೋಟ ಮೂರು.

ಆ ಕಾಯ್ದೆಯಲ್ಲಿ ಮುಪ್ಪಿನ ಮಾತೂ ಇರಲಿಲ್ಲ. ಅದಕ್ಕೆ 1957ರ ತನಕ ಕಾಯಬೇಕಾಯಿತು. ಆ ವರ್ಷ ಭವಿಷ್ಯನಿಧಿ ಕಾನೂನನ್ನು ಕಾಫಿ ತೋಟಗಳಿಗೂ ವಿಸ್ತರಿಸಿದರು. 1972ರಲ್ಲಿ ಗ್ರಾಚ್ಯುಟಿ ಬಂತು. ಐದು ವರ್ಷ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಕೂಲಿಯ ಲೆಕ್ಕ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಕಾನೂನು ತನ್ನಷ್ಟಕ್ಕೆ ಗುಡ್ಡ ಹತ್ತುವುದಿಲ್ಲ. ಚೆಕ್‌ರೋಲಿನಲ್ಲಿ ಹೆಸರು ಬರೆಸುವುದು, ವರ್ಷಾನುಗಟ್ಟಲೆ ದುಡಿದವರನ್ನು ಹಂಗಾಮಿ ಪಟ್ಟಿಯಿಂದ ಖಾಯಂಗೆ ಏರಿಸುವುದು, ಇಂಥ ಸಣ್ಣ ಸಣ್ಣ ಜಗಳಗಳನ್ನು ಎಐಟಿಯುಸಿಯಂಥ ಸಂಘಗಳು ತೋಟ ತೋಟಕ್ಕೆ ಹೋಗಿ ಮಾಡಬೇಕಾಯಿತು.

ಈ ಹೋರಾಟವೆಲ್ಲ ಭೂಮಿಯ ಬದಲು ಪಿಂಚಣಿ, ಗ್ರಾಚ್ಯುಟಿಗಳ ಸುತ್ತ ಸುತ್ತಿದ್ದು ಏಕೆ? ಉತ್ತರ 1974ರಲ್ಲಿದೆ. ದೇವರಾಜ ಅರಸರ ಭೂಸುಧಾರಣೆ ಗದ್ದೆಯ ಗೇಣಿದಾರನಿಗೆ ನೆಲ ಕೊಟ್ಟಿತು, ಪ್ಲಾಂಟೇಷನ್‌ಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. 'ಉಳುವವನೇ ಒಡೆಯ' ಎಂಬ ಘೋಷಣೆ ಕಾಫಿ ಗಿಡದ ಬುಡಕ್ಕೆ ಬರಲಿಲ್ಲ. ನಾಲ್ಕು ವರ್ಷದ ನಂತರ ಇಂದಿರಾ ಗಾಂಧಿ ಉಪಚುನಾವಣೆಗೆ ಚಿಕ್ಕಮಗಳೂರನ್ನೇ ಆರಿಸಿಕೊಂಡಾಗ ಲೈನ್ ಮನೆಗಳ ಮುಂದೆಯೂ ಜೀಪುಗಳು ನಿಂತವು. ಮತ ಸಿಕ್ಕಿತು, ನೆಲದ ವಿಷಯ ಇದ್ದಲ್ಲೇ ಇತ್ತು.

1981ರ ತಿದ್ದುಪಡಿ ಬೇಲಿಯನ್ನು ಸ್ವಲ್ಪ ಒಳಕ್ಕೆ ಸರಿಸಿತು: ಐದು ಹೆಕ್ಟೇರು, ಅಂದರೆ ಹನ್ನೆರಡೂಕಾಲು ಎಕರೆ ಮತ್ತು ಚೂರು, ಹದಿನೈದು ಆಳು. ಅದೇ ತಿದ್ದುಪಡಿ ಮಾಲೀಕ ಕೊಟ್ಟ ಮನೆ ಕುಸಿದು ಸಾವುನೋವಾದರೆ ಅವನೇ ಪರಿಹಾರ ಕೊಡಬೇಕೆಂದೂ ಹೇಳಿತು. ಆಷಾಢದ ಮಳೆ ಕಂಡವರಿಗೆ ಈ ಕಲಮು ಯಾಕೆ ಬೇಕಾಯಿತು ಎಂದು ವಿವರಿಸಬೇಕಿಲ್ಲ.

ಇನ್ನು ಬೇಲಿಯ ಒಳಗಿದ್ದವರ ಕೈಗೆ ಏನು ಬಂತು ನೋಡೋಣ. 1995ರ ನೌಕರರ ಪಿಂಚಣಿ ಯೋಜನೆಯ ಸೂತ್ರ ಸರಳ: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸು. ಕಡೆಗಾಲದ ಸರಾಸರಿ ಸಂಬಳ 6,000 ರೂಪಾಯಿ, ಸೇವೆ 18 ವರ್ಷ ಎಂದುಕೊಂಡರೆ ತಿಂಗಳಿಗೆ 1,543 ರೂಪಾಯಿ. ಹತ್ತು ವರ್ಷ ತುಂಬದಿದ್ದರೆ ಪಿಂಚಣಿಯೇ ಇಲ್ಲ. ಹೆರಿಗೆಗೆಂದು ಬಿಟ್ಟು, ಮತ್ತೊಂದು ತೋಟಕ್ಕೆ ಸೇರಿ, ಹೊಸ ಖಾತೆ ತೆರೆದವಳ ವರ್ಷಗಳು ಒಂದಕ್ಕೊಂದು ಕೂಡುವುದೇ ಕಷ್ಟ. ಚೆಕ್‌ರೋಲಿನಲ್ಲಿ ರೈಟರು ಬರೆದ ಹೆಸರೊಂದು, ಆಧಾರಿನಲ್ಲಿ ಇರುವುದೊಂದು. ರಾಜ್ಯಸಭೆಯ ಕೋಶಿಯಾರಿ ಸಮಿತಿ ಕನಿಷ್ಠ ಪಿಂಚಣಿ 3,000 ಆಗಲಿ ಎಂದು 2013ರಲ್ಲಿ ಶಿಫಾರಸು ಮಾಡಿತ್ತು. 2014ರಲ್ಲಿ ಸರ್ಕಾರ ನಿಗದಿ ಮಾಡಿದ್ದು 1,000. ಪಿಂಚಣಿದಾರರ ಸಂಘಟನೆಗಳು ಈಗ 7,500 ಕೇಳುತ್ತಿವೆ.

ಬೇಲಿಯ ಹೊರಗಿನವರ ಪಾಲಿಗೆ ಉಳಿದದ್ದು ನಾಡಕಚೇರಿ. ಕೇಂದ್ರದ ವೃದ್ಧಾಪ್ಯ ವೇತನ 1995ರಲ್ಲಿ 75 ರೂಪಾಯಿಯಿಂದ ಶುರುವಾಯಿತು. ಎಂಬತ್ತರೊಳಗಿನವರಿಗೆ ಕೇಂದ್ರ ಕೊಡುವ ಪಾಲು ಇಂದಿಗೂ 200. ರಾಜ್ಯದ ಸಂಧ್ಯಾ ಸುರಕ್ಷಾ 2007ರಲ್ಲಿ 400 ರೂಪಾಯಿಯದಾಗಿ ಹುಟ್ಟಿ 1,200ಕ್ಕೆ ಏರಿದೆ. ಅಷ್ಟರ ಮಟ್ಟಿಗೆ ಮೆಚ್ಚಬೇಕು. ಆದರೆ ಆದಾಯದ ಮಿತಿ ವರ್ಷಕ್ಕೆ 32,000. ದಿನಕ್ಕೆ 88 ರೂಪಾಯಿಯೂ ಅಲ್ಲ. ಮನೆಯಲ್ಲಿ ಒಬ್ಬರು ತೋಟದ ಕೂಲಿಗೆ ಹೋದರೂ ಮುಗಿಯಿತು, ಅಜ್ಜಿ ಲೆಕ್ಕದಲ್ಲಿ ಸಾಹುಕಾರ್ತಿ. ಹೀಗಾಗಿ ಅರ್ಜಿ ಹಾಕುವವರು ಸುಳ್ಳು ಹೇಳಬೇಕು, ಸಹಿ ಹಾಕುವವರು ಕಣ್ಣು ಮುಚ್ಚಬೇಕು. ಬಡವರನ್ನು ಅಪ್ರಾಮಾಣಿಕರನ್ನಾಗಿಸುವ ಇಂಥ ನಿಯಮ ನನಗಂತೂ ಕಾಸಿನ ಉಳಿತಾಯಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ. 2012ರಲ್ಲಿ ಅರುಣಾ ರಾಯ್, ಬಾಬಾ ಆಢಾವ್ ಮುಂದಾಳತ್ವದ ಪಿಂಚಣಿ ಪರಿಷತ್ತು ದೆಹಲಿಯಲ್ಲಿ ಧರಣಿ ಕೂತು ಕೇಳಿದ್ದು ಇದನ್ನೇ: ವಯಸ್ಸು ನೋಡಿ, ಬಡತನದ ಸರ್ಟಿಫಿಕೇಟು ಕೇಳಬೇಡಿ, ಕನಿಷ್ಠ 2,000 ಕೊಡಿ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1951ರ ಕಾಯ್ದೆ ಅವುಗಳೊಳಗೆ ಕರಗಿತು. ಐದು ಹೆಕ್ಟೇರಿನ ಗೆರೆ ಕರಗಲಿಲ್ಲ. ಈಗ ಕುಯ್ಲಿಗೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬರುವವರಿಗೆ ಆ ಗೆರೆ ಎಲ್ಲಿದೆಯೆಂದೂ ಗೊತ್ತಿರುವುದಿಲ್ಲ.

ಹಳಬರ ಬೇಡಿಕೆ ಈಚೆಗೆ ಬೇರೆ ದಿಕ್ಕಿಗೆ ತಿರುಗಿದೆ. ನಿವೃತ್ತಿಯಾದರೆ ಲೈನ್ ಮನೆ ಬಿಡಬೇಕು. ಆದ್ದರಿಂದ ಮೂಡಿಗೆರೆ, ಕಳಸದಲ್ಲಿ ತಾಲ್ಲೂಕು ಕಚೇರಿಯ ಮುಂದೆ ಕೂತವರು ಪಿಂಚಣಿಗಿಂತ ಮೊದಲು ನಿವೇಶನ ಕೇಳುತ್ತಾರೆ. ಸರ್ಕಾರಿ ಜಾಗವಿಲ್ಲ ಎಂಬ ಉತ್ತರ ಅವರಿಗೆ ಬಾಯಿಪಾಠ. ಈ ನಡುವೆ ಭೂಕಂದಾಯ ಕಾಯ್ದೆಗೆ ತಿದ್ದುಪಡಿಯಾಗಿ, ಒತ್ತುವರಿ ಮಾಡಿ ಕಾಫಿ ಬೆಳೆದ ಸರ್ಕಾರಿ ಜಮೀನನ್ನು ಬೆಳೆಗಾರರಿಗೇ 30 ವರ್ಷದ ಗುತ್ತಿಗೆಗೆ ಕೊಡಲು ದಾರಿಯಾಗಿದೆ. ಮಿತಿ 25 ಎಕರೆ. 1951ರಲ್ಲಿ ಆಳನ್ನು ಹೊರಗಿಟ್ಟ ಅದೇ ಸಂಖ್ಯೆ. ಮೂವತ್ತು–ನಲವತ್ತರ ಸೈಟುಗಳ ಲೆಕ್ಕದಲ್ಲಿ, ಎಕರೆಗೆ ಮೂವತ್ತಾರು.