ದೇವದೂತರು ಕುಡಿದು ಉಳಿಸಿದ್ದು

200 ಲೀಟರ್ ಹಿಡಿಯುವ ಓಕ್ ಮರದ ಪೀಪಾಯಿಗೆ ವಿಸ್ಕಿ ತುಂಬಿಸಿ, ಬೆಣೆ ಜಡಿದು, ಬೆಂಗಳೂರಿನ ಗೋದಾಮಿನಲ್ಲಿ ಎಂಟು ವರ್ಷ ಮುಟ್ಟದೆ ಇಟ್ಟರೆ ಕೊನೆಗೆ ಸಿಗುವುದು ಸುಮಾರು 80 ಲೀಟರ್. ಯಾರೂ ಕದ್ದಿರುವುದಿಲ್ಲ, ಪೀಪಾಯಿ ಸೋರಿರುವುದೂ ಇಲ್ಲ. ಇಲ್ಲಿಯ ಬಿಸಿಲಿಗೆ, ಒಣಗಾಳಿಗೆ ಮರದ ಸಣ್ಣ ರಂಧ್ರಗಳ ಮೂಲಕ ವರ್ಷಕ್ಕೆ ನೂರಕ್ಕೆ 10ರಿಂದ 12ರಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಹೀಗೆ ಹೋಗುವುದು ನೂರಕ್ಕೆ ಎರಡರಷ್ಟು ಮಾತ್ರ. ಅಲ್ಲಿ ಅದೇ ಪೀಪಾಯಿಯಲ್ಲಿ ಎಂಟು ವರ್ಷದ ಮೇಲೂ 170 ಲೀಟರ್ ಇರುತ್ತದೆ. ಹೀಗೆ ಗಾಳಿಗೆ ಸಲ್ಲುವುದನ್ನು ಅಲ್ಲಿಯವರು ‘ಏಂಜೆಲ್ಸ್ ಶೇರ್’ ಎನ್ನುತ್ತಾರೆ, ದೇವದೂತರ ಪಾಲು.

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಮುಂದೆ ಹೋದರೆ ಸಿಗುವ ಕಂಬೀಪುರದಲ್ಲಿ ಇಂಥ ಪೀಪಾಯಿಗಳ ಸಾಲುಗಳೇ ಇವೆ. ಅಮೃತ್ ಡಿಸ್ಟಿಲರೀಸ್‌ ಅಲ್ಲಿದೆ. ಅದನ್ನು ಕಟ್ಟಿದ ಮೂರು ತಲೆಮಾರಿನ ಕುಟುಂಬದ ಕತೆ ಬರೆಯಬೇಕೆಂದು ಹೊರಟ ನನಗೆ ಕೊನೆಗೆ ಮನಸ್ಸಿನಲ್ಲಿ ನಿಂತದ್ದು ಈ ಆವಿಯ ಲೆಕ್ಕ. ಪ್ರತಿ ವರ್ಷ ಕಣ್ಣೆದುರೇ ಹತ್ತರಲ್ಲಿ ಒಂದು ಪಾಲು ಗಾಳಿಗೆ ಹೋಗುವುದನ್ನು ನೋಡಿಕೊಂಡು ಕಾಯುವುದಕ್ಕೆ ಬೇರೆಯದೇ ಎದೆಗಾರಿಕೆ ಬೇಕು.

ಕಂಪನಿ ಶುರುವಾದದ್ದು 1948ರಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ ಜೆ.ಎನ್. ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಇದನ್ನು ಕಟ್ಟಿದರು. ಮೊದಲ ದಿನಗಳಲ್ಲಿ ಮದ್ಯವನ್ನು ಬೆರೆಸಿ ಬಾಟಲಿಗೆ ತುಂಬಿಸುವುದೇ ಮುಖ್ಯ ಕಸುಬು. ಹಳಬರಿಗೆ ಈ ಕಂಪನಿಯ ‘ಸಿಲ್ವರ್ ಕಪ್’ ಬ್ರಾಂದಿಯ ಹೆಸರು ಹೇಳಿದರೆ ಸಾಕು, ಗುರುತು ಹತ್ತುತ್ತದೆ. ಸೇನೆಯ ಕ್ಯಾಂಟೀನುಗಳಿಗೂ ಇಲ್ಲಿಂದ ಸರಕು ಹೋಯಿತು. 1976ರಲ್ಲಿ ರಾಧಾಕೃಷ್ಣರು ತೀರಿಕೊಂಡಾಗ ಜವಾಬ್ದಾರಿ ಮಗ ನೀಲಕಂಠ ರಾವ್ ಜಗದಾಳೆಯವರ ಹೆಗಲೇರಿತು. ಆಗ ಅವರಿಗೆ ಇನ್ನೂ ಇಪ್ಪತ್ತರ ಹರೆಯ.

ನಮ್ಮ ದೇಶದಲ್ಲಿ ವಿಸ್ಕಿ ಎಂದು ಮಾರಾಟವಾಗುವುದರಲ್ಲಿ ಬಹಳಷ್ಟರ ಮೂಲ ಕಾಕಂಬಿ, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕೊನೆಗೆ ಉಳಿಯುವ ಕಪ್ಪು ಪಾಕ. ಅದರ ಮದ್ಯಸಾರಕ್ಕೆ ಸ್ವಲ್ಪ ಮಾಲ್ಟ್ ಬೆರೆಸಿದರೆ ಇಲ್ಲಿ ವಿಸ್ಕಿ. ಯುರೋಪಿನ ಕಾನೂನು ಇದನ್ನು ಒಪ್ಪುವುದಿಲ್ಲ. ಧಾನ್ಯದಿಂದ ಬಂದದ್ದಕ್ಕೆ ಮಾತ್ರ ಅಲ್ಲಿ ಆ ಹೆಸರು. ನೀಲಕಂಠ ರಾವ್ ಎಂಬತ್ತರ ದಶಕದ ಆರಂಭದಲ್ಲಿ ಉತ್ತರ ಭಾರತದ ಬಾರ್ಲಿ ತರಿಸಿ ಮಾಲ್ಟ್ ವಿಸ್ಕಿ ಇಳಿಸಲು ತೊಡಗಿದರು. ಅದನ್ನು ಹಾಗೇ ಮಾರುವ ಯೋಚನೆ ಆಗ ಇರಲಿಲ್ಲ. ‘ಮ್ಯಾಕಿಂಟಾಷ್’ ಎಂಬ ತಮ್ಮ ಬೆರಕೆ ವಿಸ್ಕಿಯ ರುಚಿ ಹೆಚ್ಚಿಸಲು ಅದನ್ನು ಬಳಸಿಕೊಂಡರು. 1987ರಲ್ಲಿ ಕಾರ್ಖಾನೆ ಕಂಬೀಪುರಕ್ಕೆ ಬಂತು.

ಮಾಲ್ಟ್ ಅಂದರೇನು ಎಂದು ನಮ್ಮ ಮನೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಮಗುವಿಗೆ ರಾಗಿಸರಿ ಮಾಡುವಾಗ ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟುತ್ತಾರೆ. ಮರುದಿನ ಗಂಟು ಬಿಚ್ಚಿದರೆ ಕೆಂಪು ಕಾಳುಗಳ ತುದಿಯಲ್ಲಿ ಬಿಳಿ ಎಳೆಗಳು. ಕೈ ಹಾಕಿದರೆ ಒಳಗೆ ಬೆಚ್ಚಗೆ, ಹಸಿಮಣ್ಣಿನಂಥ ವಾಸನೆ. ಮೊಳಕೆ ಇನ್ನೂ ಬೆಳೆದು ಕಾಳಿನ ಸತ್ವ ತಿನ್ನುವ ಮೊದಲೇ ನೆರಳಲ್ಲಿ ಒಣಗಿಸಿ, ಹುರಿದು, ಬೀಸುತ್ತಾರೆ. ರಾಗಿ ಮಾಲ್ಟ್ ಎಂಬ ಹೆಸರಿನಲ್ಲಿರುವ ಮಾಲ್ಟ್ ಇದೇ. ಬಾರ್ಲಿಗೂ ಇದೇ ಹದ. ಮೊಳಕೆಯೊಡೆದಾಗ ಕಾಳಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಒಣಗಿಸುವಾಗ ಪೀಟ್ ಎಂಬ ಜೌಗುಮಣ್ಣಿನ ಹೊಗೆ ಕೊಟ್ಟರೆ ಕಾಳಿಗೆ ಹೊಗೆಯ ಕಂಪು ಹತ್ತುತ್ತದೆ. ಆಮೇಲಿನದು ಹೆಚ್ಚಿನ ಕಡೆ ಒಂದೇ ಬಗೆ: ಬಿಸಿನೀರಿನಲ್ಲಿ ಕಲಸಿ ಸಿಹಿ ತೆಗೆಯುವುದು, ಹುಳಿ ಬರಿಸುವುದು, ತಾಮ್ರದ ಹಂಡೆಯಲ್ಲಿ ಎರಡು ಬಾರಿ ಭಟ್ಟಿ ಇಳಿಸುವುದು. ಇಳಿದು ಬರುವುದು ನೀರಿನಂತೆ ಬಣ್ಣವಿಲ್ಲದ ದ್ರವ. ಬಣ್ಣವನ್ನೂ ರುಚಿಯ ದೊಡ್ಡ ಪಾಲನ್ನೂ ಕೊಡುವುದು ಪೀಪಾಯಿ.

ಅಲ್ಲಿಯೇ ಬೆಂಗಳೂರು ಕೈ ಹಾಕುವುದು. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಈ ಊರಿನ ಬಿಸಿಲಿನಲ್ಲಿ ಮದ್ಯವೂ ಮರವೂ ಒಂದರೊಳಗೊಂದು ಬೇಗ ಇಳಿಯುತ್ತವೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಹತ್ತಾರು ವರ್ಷ ಹಿಡಿಯುವ ಪಕ್ವತೆ ಇಲ್ಲಿ ನಾಲ್ಕೈದು ವರ್ಷಕ್ಕೆ ಬರುತ್ತದೆ. ಅತಿಯಾಗಿ ಆವಿಯಾಗುವುದು ಇದಕ್ಕೆ ತೆರುವ ಬೆಲೆ. ಬಿಸಿಲೂರಿನಲ್ಲಿ ಒಳ್ಳೆಯ ವಿಸ್ಕಿ ಆಗುವುದಿಲ್ಲ ಎಂಬ ಹಳೆಯ ನಂಬಿಕೆಯನ್ನು ಈ ಪೀಪಾಯಿಗಳು ಸುಳ್ಳು ಮಾಡಿದವು. ಹೊರಗಿನವರು ದೋಷವೆಂದ ಬಿಸಿಲನ್ನೇ ಜಗದಾಳೆಯವರು ತಮ್ಮ ಗುಣವಾಗಿ ಹಿಡಿದುಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮೂರನೆಯ ತಲೆಮಾರಿನ ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುವಾಗ ತಂದೆ ಒಂದು ವಿಷಯ ಸೂಚಿಸಿದರು: ಭಾರತದ ಸಿಂಗಲ್ ಮಾಲ್ಟ್‌ಗೆ, ಅಂದರೆ ಒಂದೇ ಡಿಸ್ಟಿಲರಿಯ ಅಪ್ಪಟ ಮಾಲ್ಟ್ ವಿಸ್ಕಿಗೆ, ಬ್ರಿಟನ್ನಿನಲ್ಲಿ, ಅಲ್ಲಿಯ ಭಾರತೀಯ ಹೋಟೆಲುಗಳಲ್ಲಿ, ಗಿರಾಕಿ ಸಿಕ್ಕಾರೆಯೇ? ಮಗನ ಪ್ರಬಂಧ ಅದರ ಮೇಲೇ ಆಯಿತು. ಗ್ಲಾಸ್ಗೋದ ‘ಪಾಟ್ ಸ್ಟಿಲ್’ ಎಂಬ ಹೆಸರುವಾಸಿ ಬಾರಿನಲ್ಲಿ ಕಂಬೀಪುರದ ಮಾಲ್ಟ್‌ನ ರುಚಿಯನ್ನು ಹೆಸರು ಹೇಳದೆ ತೋರಿಸಿದಾಗ, ಕುಡಿದವರು ಅದನ್ನು ಸ್ಕಾಟ್ಲೆಂಡಿನದೇ, ಬಹಳ ವರ್ಷ ಮಾಗಿದ ಮಾಲ್ಟ್ ಎಂದುಕೊಂಡರು. 2004ರ ಆಗಸ್ಟ್ 24ರಂದು ಅದೇ ಗ್ಲಾಸ್ಗೋದ ‘ಕೆಫೆ ಇಂಡಿಯಾ’ದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ವಿಸ್ಕಿಯ ತವರಿನಲ್ಲೇ ಅಂಗಡಿ ತೆರೆದ ಹಾಗೆ.

ಹೊಗಳಿಕೆ ಸಿಕ್ಕಿತು, ವ್ಯಾಪಾರ ಸಿಗಲಿಲ್ಲ. ಭಾರತದಿಂದ ಬಂದದ್ದು ಎಂದೊಡನೆ ಬಾಟಲಿ ಬದಿಗಿಡುವವರ ನಡುವೆ ಕಂಪನಿಯ ಅಶೋಕ್ ಚೊಕ್ಕಲಿಂಗಂ ಅಂಗಡಿಯಿಂದ ಅಂಗಡಿಗೆ ಅಲೆದರು. ಮುಂದೆ ಅವರೇ ಇಲ್ಲಿಯ ಮುಖ್ಯ ಡಿಸ್ಟಿಲರ್ ಆದರು. ಕೈಬಿಡಲು ಕಾರಣಗಳು ಸಾಕಷ್ಟಿದ್ದ ಆ ವರ್ಷಗಳಲ್ಲಿ ನೀಲಕಂಠ ರಾವ್ ಕೈಬಿಡಲಿಲ್ಲ. ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆ ಹಿಡಿಸಿದ ಬಾರ್ಲಿಯನ್ನು ಕೂಡಿಸಿ ಮಾಡಿದ ‘ಫ್ಯೂಷನ್’ಗೆ ವಿಮರ್ಶಕ ಜಿಮ್ ಮರ್ರೆ ತನ್ನ 2010ರ ವಿಸ್ಕಿ ಬೈಬಲ್‌ನಲ್ಲಿ ನೂರಕ್ಕೆ 97 ಅಂಕ ಕೊಟ್ಟು, ಜಗತ್ತಿನ ಮೂರನೆಯ ಶ್ರೇಷ್ಠ ವಿಸ್ಕಿ ಎಂದ. ಬೆಂಗಳೂರಿನಲ್ಲೇ ಹುಟ್ಟಿದ ಅಮೃತ್ ಸಿಂಗಲ್ ಮಾಲ್ಟ್ ಬೆಂಗಳೂರಿನ ಅಂಗಡಿಗೆ ಬಂದದ್ದೂ ಆ 2010ರಲ್ಲಿ, ಗ್ಲಾಸ್ಗೋಗೆ ಹೋದ ಆರು ವರ್ಷಕ್ಕೆ.

ಕುಡಿತ ಹಾಳು ಮಾಡಿದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಾಗ ಎಷ್ಟೋ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. ಅದನ್ನು ಮರೆತು ನಾನು ಇದನ್ನು ಬರೆಯುತ್ತಿಲ್ಲ. ಆದರೂ ಮೈಸೂರು ರೇಷ್ಮೆ, ಗಂಧ, ಚನ್ನಪಟ್ಟಣದ ಬೊಂಬೆಗಳ ಬಗ್ಗೆ ಮಾತಾಡುವಾಗ ಅದೇ ಮೈಸೂರು ರಸ್ತೆಯ ಈ ಕೈಕೆಲಸದ ಹೆಸರೆತ್ತಲು ಸಂಕೋಚಪಡುತ್ತೇವಲ್ಲ, ಅದು ಸರಿಯಲ್ಲ. ಹದ ನೋಡುವ ಮೂಗು, ಕಾಯುವ ತಾಳ್ಮೆ, ಊರಿನ ಹವೆಯನ್ನು ಓದುವ ತಿಳಿವಳಿಕೆ ಎಲ್ಲವೂ ಇಲ್ಲಿ ಬೇಕು.

ಎಂಟು ವರ್ಷ ಮಾಗಿಸಿದ ವಿಸ್ಕಿಯನ್ನು 2013ರಲ್ಲಿ ಹೊರತಂದಾಗ ಅದಕ್ಕೆ ಇಟ್ಟ ಹೆಸರು ‘ಗ್ರೀಡಿ ಏಂಜೆಲ್ಸ್’, ಆಸೆಬುರುಕ ದೇವದೂತರು. ಹೆಚ್ಚಿನದನ್ನೆಲ್ಲ ಗಾಳಿಗೆ ಕೊಟ್ಟ ಮೇಲೆ ತಳದಲ್ಲಿ ಉಳಿದದ್ದು ಅದು. ಆಮೇಲೆ ಹತ್ತು, ಹನ್ನೆರಡು ವರ್ಷದ್ದೂ ಬಂತು. ಅಮೃತ ಹಂಚುವಾಗ ಪಾಲಿಗೆ ಕೈಚಾಚಿದ ದೇವತೆಗಳ ಕತೆ ಕೇಳುತ್ತ ಬೆಳೆದ ನಮಗೆ ಆ ಹೆಸರು ಪರಕೀಯ ಅನಿಸುವುದಿಲ್ಲ.

ನೀಲಕಂಠ ರಾವ್ 2019ರ ಮೇ 9ರಂದು ತೀರಿಕೊಂಡರು. ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಅವರ ಕಾಲದಲ್ಲಿ ತುಂಬಿಸಿ ಬೆಣೆ ಜಡಿದ ಪೀಪಾಯಿಗಳು ಕಂಬೀಪುರದ ಗೋದಾಮಿನಲ್ಲಿ ಹದಕ್ಕೆ ಬರಲು ಇನ್ನೂ ವರ್ಷಗಳಿದ್ದವು, ಒಳಗಿನದು ಆ ಮಧ್ಯಾಹ್ನಗಳ ಬಿಸಿಲಿಗೆ ಒಂದಿಷ್ಟೊಂದಿಷ್ಟೇ ಕಡಿಮೆಯಾಗುತ್ತಿತ್ತು.