ಗಾಡಿಯ ಹಿಂದಿನ ಗೇರಿಗೂ ಎಣ್ಣೆ ಬೇಕು

ಎತ್ತಿನ ಗಾಡಿಯ ಚಕ್ರ ಕಿರ್ ಅಂತ ಕೂಗಿದರೆ ಏನು ಮಾಡುತ್ತೇವೆ? ಅಚ್ಚಿಗೆ ಕೀಲೆಣ್ಣೆ ಹಾಕುತ್ತೇವೆ. ಎಣ್ಣೆ ಇಲ್ಲದಿದ್ದರೆ ಅಚ್ಚು ಸವೆಯುತ್ತದೆ. ಇದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಎತ್ತಿನ ಗಾಡಿ ಕಡಿಮೆ. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು, ತಿರುಮಣಿ, ವಳ್ಳೂರು ಕಡೆ ಸೋಲಾರ್ ಪಾರ್ಕ್ ಬಂದಿದೆ. ಬಿಸಿಲಿನಿಂದ ಕರೆಂಟು ಮಾಡುವ ಈ ಕೆಲಸ ಅಲ್ಲಿ 2018ರಲ್ಲಿ ಶುರುವಾಯಿತು. ಈ ದಾರಿಗಳಲ್ಲಿ ಈಗ ಜೀಪು, ಟೆಂಪೊ, ಕಾರು ಓಡುತ್ತವೆ. ಕೆಲವರು ಸಾಲ ಮಾಡಿ ಬಾಡಿಗೆ ಗಾಡಿ ಕೊಳ್ಳುತ್ತಾರೆ. ಸಾಲದ ಕಾಗದಕ್ಕೆ ಮನೆಯ ಹೆಂಗಸರೂ ಸಹಿ ಹಾಕಿರುತ್ತಾರೆ. ಗಾಡಿ ಕೆಟ್ಟರೆ ಬಾಡಿಗೆ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಗಾಡಿಯ ವಿಷಯ ಗಂಡಸರಿಗೆ ಮಾತ್ರ ಸೇರಿದ್ದಲ್ಲ.

ಹಿಂದಿನ ಗುಂಡಿನಲ್ಲಿ ಏನಿದೆ?

ಬೊಲೆರೊ ಗಾಡಿಯ ಹಿಂದೆ ಬಗ್ಗಿ ನೋಡಿ. ಎರಡು ಚಕ್ರಗಳ ನಡುವೆ ಕಬ್ಬಿಣದ ಗುಂಡಿನಂಥದ್ದು ಕಾಣುತ್ತದೆ. ಇದರ ಹೆಸರು ಡಿಫರೆನ್ಷಿಯಲ್. ಇಂಜಿನ್ನಿನ ಶಕ್ತಿ ಉದ್ದನೆಯ ಶಾಫ್ಟಿನ ಮೂಲಕ ಇಲ್ಲಿಗೆ ಬರುತ್ತದೆ. ಇಲ್ಲಿಂದ ಎರಡು ಚಕ್ರಕ್ಕೂ ಹೋಗುತ್ತದೆ.

ಕಣದಲ್ಲಿ ಎತ್ತುಗಳು ಮೇಟಿ ಸುತ್ತ ತಿರುಗುವುದನ್ನು ನೋಡಿದ್ದೀರಲ್ಲ? ಒಳಗಿನ ಎತ್ತು ಕಡಿಮೆ ದೂರ ನಡೆಯುತ್ತದೆ. ಹೊರಗಿನ ಎತ್ತು ಹೆಚ್ಚು ದೂರ ನಡೆಯುತ್ತದೆ. ತಿರುವಿನಲ್ಲಿ ಗಾಡಿಯ ಚಕ್ರಗಳೂ ಹಾಗೆಯೇ. ಹೊರಗಿನ ಚಕ್ರ ಹೆಚ್ಚು ಉರುಳಬೇಕು. ಅದಕ್ಕೆ ಅವಕಾಶ ಕೊಡುವುದು ಡಿಫರೆನ್ಷಿಯಲ್.

ಎಷ್ಟೋ ಸಣ್ಣ ಕಾರುಗಳಲ್ಲಿ ಇಂಜಿನ್ನು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಅವುಗಳಲ್ಲಿ ಹಿಂದೆ ಈ ಗುಂಡು ಇರುವುದಿಲ್ಲ.

ಎಣ್ಣೆ ಕಡಿಮೆಯಾದರೆ ಏನಾಗುತ್ತದೆ?

ಗುಂಡಿನೊಳಗೆ ಎರಡು ಮುಖ್ಯ ಹಲ್ಲುಚಕ್ರಗಳಿವೆ. ಸಣ್ಣದು ಪಿನಿಯನ್. ದೊಡ್ಡದು ಕ್ರೌನ್. ಇವುಗಳ ಹಲ್ಲುಗಳು ಒಂದಕ್ಕೊಂದು ಉಜ್ಜಿಕೊಂಡು ತಿರುಗುತ್ತವೆ. ನಡುವೆ ಎಣ್ಣೆಯ ಪದರ ಇರಬೇಕು. ಕ್ರೌನ್ ತಿರುಗುವಾಗ ತಳದ ಎಣ್ಣೆಯನ್ನು ಮೇಲೆ ಎರಚುತ್ತದೆ. ಬೇರಿಂಗುಗಳಿಗೂ ಎಣ್ಣೆ ಸಿಗುವುದು ಹೀಗೆಯೇ.

ಎಣ್ಣೆ ತಗ್ಗಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಕಾವು ಏರುತ್ತದೆ. ಹಲ್ಲು ಗೀರು ಬೀಳುತ್ತದೆ, ಸವೆಯುತ್ತದೆ. ಕಬ್ಬಿಣದ ಪುಡಿ ಉಳಿದ ಎಣ್ಣೆಗೆ ಬೆರೆತು ಬೇರಿಂಗನ್ನೂ ತಿನ್ನುತ್ತದೆ. ಕೊನೆಗೆ ಹಲ್ಲು ಮುರಿಯಬಹುದು. ಓಡುವಾಗಲೇ ಹಿಂದಿನ ಚಕ್ರ ಬಿಗಿದು ನಿಲ್ಲಬಹುದು. ಆಗ ಗಾಡಿಯಲ್ಲಿ ಕೂತವರ ಜೀವಕ್ಕೇ ಅಪಾಯ.

ಹಲ್ಲು ಕೆಟ್ಟ ಮೇಲೆ ಎಣ್ಣೆ ತುಂಬಿದರೆ ಅದು ಸರಿಹೋಗುವುದಿಲ್ಲ. ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಅದಕ್ಕೆ ಬಹಳ ದುಡ್ಡು ಬೇಕು. ಎಣ್ಣೆಯ ಖರ್ಚು ಅದರ ಮುಂದೆ ಏನೂ ಅಲ್ಲ.

ಗುರುತು ಹೇಗೆ?

ಎಣ್ಣೆ ಸಾಮಾನ್ಯವಾಗಿ ಸೀಲು ಹಳತಾಗಿ ಸೋರುತ್ತದೆ. ಗಾಡಿ ನಿಂತ ಜಾಗದಲ್ಲಿ, ಹಿಂಭಾಗದ ಕೆಳಗೆ ಎಣ್ಣೆ ಕಲೆ ಇದೆಯೇ ನೋಡಿ. ಗುಂಡಿನ ಮೇಲೆ ಎಣ್ಣೆಗೆ ಧೂಳು ಮೆತ್ತಿದೆಯೇ ನೋಡಿ. ಚಕ್ರದ ಒಳಬದಿ ಒದ್ದೆಯಾಗಿದ್ದರೆ ಬ್ರೇಕಿಗೂ ಎಣ್ಣೆ ತಾಗಿರಬಹುದು. ಓಡುವಾಗ ಹಿಂದಿನಿಂದ ಗುಂಯ್ ಅಂತ ಸದ್ದು ಬಂದರೆ ತಡ ಮಾಡಬೇಡಿ. ಡ್ರೈವರ್ ಮುಂದೆ ಕೆಂಪು ದೀಪ ಹತ್ತಲಿ ಅಂತ ಕಾಯಬೇಡಿ. ಆ ದೀಪ ಇಂಜಿನ್ನಿನ ಎಣ್ಣೆಗೆ ಸಂಬಂಧಿಸಿದ್ದು.

ನಾವು ಏನು ಮಾಡೋಣ?

ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ಮೆಕ್ಯಾನಿಕ್ ಕೈಯಲ್ಲಿ ನೋಡಿಸಿ. ಗುಂಡಿನಲ್ಲಿ ಎಣ್ಣೆ ತುಂಬುವ ತೂತು ಇದೆ. ಸಾಮಾನ್ಯವಾಗಿ ಎಣ್ಣೆ ಆ ತೂತಿನ ಕೆಳ ಅಂಚಿನ ಮಟ್ಟಕ್ಕೆ ಇರಬೇಕು. ಸೋರುತ್ತಿದ್ದರೆ ಮೊದಲು ಸೀಲು ಬದಲಿಸಬೇಕು. ಗಾಡಿಯ ಪುಸ್ತಕದಲ್ಲಿ ಹೇಳಿದ ಗೇರ್ ಎಣ್ಣೆಯನ್ನೇ ಹಾಕಿಸಬೇಕು. ಕೈಗೆ ಸಿಕ್ಕಿದ ಎಣ್ಣೆ ಬೇಡ.

ಈಗ ನಮಗೆ ಓದು ಬರಹ ಬರುತ್ತದೆ. ಒಂದು ನೋಟ್‌ಬುಕ್ ಇಡೋಣ. ಎಣ್ಣೆ ನೋಡಿದ ತಾರೀಖು, ಗಾಡಿ ಓಡಿದ ಕಿಲೋಮೀಟರ್, ಕೊಟ್ಟ ಹಣ ಬರೆಯೋಣ. ಗ್ಯಾರೇಜಿನ ಬಿಲ್ಲನ್ನು ಓದಿ ನೋಡೋಣ. ಅದರಲ್ಲಿ ಇಂಜಿನ್ ಎಣ್ಣೆ ಮಾತ್ರ ಇದ್ದರೆ ಕೇಳೋಣ: "ಅಣ್ಣಾ, ಹಿಂದಿನ ಗೇರಿನ ಎಣ್ಣೆ ನೋಡಿದಿರಾ?"