ತೋಟದ ಉರುಳು, ಮನೆಯ ನಾಯಿ ಮತ್ತು ಶ್ರಾವಕರ ಅಹಿಂಸಾಣುವ್ರತ

ಮಲೆನಾಡಿನ ತೋಟದ ಮನೆಗಳಲ್ಲಿ ನಾಯಿ ಮನೆಯ ಸದಸ್ಯನೇ ಸರಿ. ಸಂಜೆ ಅಂಗಳದಲ್ಲಿದ್ದ ನಾಯಿ ಬೆಳಿಗ್ಗೆ ಕರೆದರೆ ಬರುವುದಿಲ್ಲ. ಹುಡುಕಿದಾಗ ಬೇಲಿಯ ಸಂದಿನಲ್ಲಿ ತಂತಿ ಬಿಗಿದು ಸತ್ತಿರುತ್ತದೆ. ಅದರ ಊಟದ ತಟ್ಟೆ ಮಾತ್ರ ಜಗಲಿಯಲ್ಲಿ ಉಳಿಯುತ್ತದೆ. ಕಾಡಂಚಿನ ಊರುಗಳಿಗೆ ಇದು ಹೊಸ ಸಂಗತಿಯಲ್ಲ.

ಈ ಉರುಳನ್ನು ಹೆಚ್ಚಾಗಿ ಹಾಕುವುದು ಕಾಡುಹಂದಿಗೆ. ಬೈಕಿನ ಕ್ಲಚ್ ಕೇಬಲ್ ಇದ್ದರೂ ಸಾಕು. ಪ್ರಾಣಿ ಓಡಾಡುವ ಜಾಡಿನಲ್ಲಿ ಕುಣಿಕೆ ಇಟ್ಟು, ಇನ್ನೊಂದು ತುದಿಯನ್ನು ಮರಕ್ಕೆ ಕಟ್ಟುತ್ತಾರೆ. ಎಳೆದಷ್ಟೂ ಅದು ಬಿಗಿಯುತ್ತದೆ. ಕುತ್ತಿಗೆಗೆ ಬಿದ್ದರೆ ಉಸಿರು ಕಟ್ಟುತ್ತದೆ. ಸೊಂಟಕ್ಕೋ ಕಾಲಿಗೋ ಬಿದ್ದರೆ ಗಂಟೆಗಟ್ಟಲೆ ನರಳಾಟ. ಹಂದಿ ಯಾವುದು, ನಾಯಿ ಯಾವುದು, ಚಿರತೆ ಯಾವುದು ಎಂದು ತಂತಿಗೆ ತಿಳಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಪ್ರಾಣಿಯನ್ನು ಉರುಳಿನಲ್ಲಿ ಹಿಡಿಯುವುದಷ್ಟೇ ಅಲ್ಲ, ಹಿಡಿಯಲು ಯತ್ನಿಸುವುದೂ ಬೇಟೆಯೇ.

ಬೆಳೆ ರಕ್ಷಣೆ ವಿರೋಧಿ ಹಿಂಸೆಯಲ್ಲವೇ, ಗೃಹಸ್ಥರಿಗೆ ಅದು ಅನಿವಾರ್ಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಎದುರು ಬಂದ ಅಪಾಯವನ್ನು ತಡೆಯುವುದು ಬೇರೆ. ಯಾವ ಜೀವ ಬಂದರೂ ಬೀಳಲಿ ಎಂದು ಮೊದಲೇ ಕುಣಿಕೆ ಇಡುವುದು ಬೇರೆ. ಎರಡನೆಯದರಲ್ಲಿ ಸಂಕಲ್ಪವಿದೆ. ತತ್ವಾರ್ಥಸೂತ್ರದ 7ನೇ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ, ಅಂದರೆ ಪ್ರಾಣಿಯನ್ನು ಕಟ್ಟಿಹಾಕುವುದನ್ನೂ ಹೇಳಿದೆ. ಕಟ್ಟುವುದೇ ದೋಷವಾದರೆ ಕೊಲ್ಲುವ ಕಟ್ಟಿನ ಮಾತೇನು? "ಹಾಕಿದ್ದು ಕೆಲಸದವರು, ನಾವಲ್ಲ" ಎಂದರೂ ದೋಷ ತಪ್ಪದು. ಕೃತ, ಕಾರಿತ, ಅನುಮೋದನ ಮೂರೂ ಲೆಕ್ಕಕ್ಕೆ ಬರುತ್ತವೆ. ತಿಳಿದೂ ಸುಮ್ಮನಿರುವುದು ಅನುಮೋದನವೇ.

ಆದ್ದರಿಂದ ತೋಟವಿರುವ ಶ್ರಾವಕರು ವಾರಕ್ಕೊಮ್ಮೆಯಾದರೂ ಬೇಲಿಯ ಉದ್ದಕ್ಕೂ ನಡೆದು ನೋಡಬೇಕು. ಉರುಳು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಕೆಲಸದವರಿಗೆ ಸ್ಪಷ್ಟವಾಗಿ ಹೇಳಬೇಕು. ರಾತ್ರಿ ನಾಯಿಯನ್ನು ಒಳಗೆ ಬಿಟ್ಟುಕೊಳ್ಳಬೇಕು.

ನಾಯಿ ಸಿಕ್ಕಿಬಿದ್ದಿದ್ದರೆ ಎಳೆಯಬೇಡಿ. ನೋವಿನಲ್ಲಿ ಸಾಕಿದವರನ್ನೂ ಕಚ್ಚಬಹುದು. ಕಣ್ಣಿನ ಮೇಲೆ ದಪ್ಪ ಬಟ್ಟೆ ಹಾಕಿ. ತಂತಿ ಕಟ್ಟಿದ ಮರದ ಕಡೆಗೆ ನಾಯಿಯನ್ನು ಮೆಲ್ಲನೆ ಸರಿಸಿದರೆ ತಂತಿ ಸಡಿಲವಾಗುತ್ತದೆ. ಆಗ ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ. ಬಿಡಿಸಿದ ಕೂಡಲೇ ಓಡಾಡಿದರೂ ಪಶುವೈದ್ಯರಿಗೆ ತೋರಿಸಲೇಬೇಕು. ತಂತಿ ಬಿಗಿದ ಭಾಗದ ಮಾಂಸಖಂಡ ಒಳಗೊಳಗೇ ಸತ್ತು, ಕೆಲವು ದಿನಗಳ ನಂತರ ವಿಷಮಿಸಬಹುದು. ಚಿರತೆ, ಹಂದಿ ಸಿಕ್ಕಿದ್ದರೆ ಹತ್ತಿರ ಹೋಗದೆ ಅರಣ್ಯ ಇಲಾಖೆಯನ್ನು ಕರೆಯಿರಿ.

ಎಲ್ಲ ಮಾಡಿಯೂ ಜೀವ ಉಳಿಯದಿರಬಹುದು. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರ ಪಂಚನಮಸ್ಕಾರ ಮಂತ್ರ ಹೇಳಿದ, ಆ ನಾಯಿ ಯಕ್ಷನಾಗಿ ಹುಟ್ಟಿತು ಎಂಬ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿ ಕುಳಿತು ಮಂತ್ರ ಹೇಳುವುದು ಸಾಧ್ಯ. ಮರುದಿನ ಹೋಗಿ ಉಳಿದ ಉರುಳುಗಳನ್ನು ತೆಗೆಸುವುದೂ ಅಷ್ಟೇ ಮುಖ್ಯವಾದ ಧರ್ಮ.